ಗುಡುಗಿದಾಗ ಕಿತ್ತ ವೈರು

ನಾನು ಬರೆದ ಒಂದು ಸಾಲಿನಿಂದ ಒಬ್ಬ ಹೆಂಗಸಿನ ಹನ್ನೊಂದು ವರ್ಷದ ಕೆಲಸ ಹೋಗುವುದರಲ್ಲಿತ್ತು. ಆ ಸಾಲು ಇಷ್ಟೇ: "ಯಂತ್ರ ಚಾಲನೆಯಲ್ಲಿರುವಾಗ ಸಿಬ್ಬಂದಿಯು ನೆಟ್‌ವರ್ಕ್ ವೈರನ್ನು ಕಿತ್ತಿರುವುದೇ ದೋಷಕ್ಕೆ ಕಾರಣ." ಬರೆದಾಗ ನನಗೆ ಖುಷಿಯಾಗಿತ್ತು. ಸುಳ್ಳು ಯಾಕೆ ಹೇಳಲಿ, ಆಕೆಯ ಮೇಲೆ ನನಗೆ ಕೋಪವಿತ್ತು. ಆ ಕೋಪವನ್ನು ಆಫೀಸಿನ ಭಾಷೆಯಲ್ಲಿ ಬರೆದು ಸಹಿ ಹಾಕಿ ಕಳಿಸುವ ಅವಕಾಶ ಸಿಕ್ಕಿತಲ್ಲ ಅಂತ ಹಾಯಾಗಿ ಕಾಫಿ ಕುಡಿದೆ.

ನನ್ನ ಆಫೀಸು ಶ್ರೀರಂಗಪಟ್ಟಣದಲ್ಲಿ, ಹೆದ್ದಾರಿ ಪಕ್ಕದ ಒಂದು ಟೈಲ್ಸ್ ಅಂಗಡಿಯ ಮೇಲಿದೆ. ಎಂಟು ಜನ ಇದ್ದೇವೆ. ಹಳ್ಳಿಯ ಹಾಲಿನ ಡೇರಿಗಳಲ್ಲಿ ಹಾಲು ಪರೀಕ್ಷೆ ಮಾಡುವ ಯಂತ್ರದ ಪಕ್ಕ ಕೂರುವ ಒಂದು ಪೆಟ್ಟಿಗೆಯನ್ನು ತಯಾರಿಸುತ್ತೇವೆ. ಹಾಲು ಹಾಕಿದವರ ನಂಬರು, ಎಷ್ಟು ಲೀಟರು, ಎಷ್ಟು ಫ್ಯಾಟು, ಎಲ್ಲವನ್ನೂ ಅದು ತೆರೆಯ ಮೇಲೆ ತೋರಿಸಿ, ವೈರಿನ ಮೂಲಕ ಮೇಲಿನ ಹಾಲು ಒಕ್ಕೂಟಕ್ಕೆ ಕಳಿಸುತ್ತದೆ. ಆ ಪೆಟ್ಟಿಗೆಯೊಳಗೂ ಒಂದು ಆಪರೇಟಿಂಗ್ ಸಿಸ್ಟಮ್ ಇದೆ. ಅದರಲ್ಲಿ ನೆಟ್‌ವರ್ಕ್ ವೈರಿನ ಜೊತೆ ವ್ಯವಹಾರ ನಡೆಸುವ ಭಾಗಕ್ಕೆ ಡ್ರೈವರ್ ಅನ್ನುತ್ತಾರೆ. ಅದನ್ನು ಬರೆದವಳು ನಾನು. ಮದುವೆ ಮನೆಗಳಲ್ಲಿ ಯಾರಾದರೂ ಏನಮ್ಮ ಕೆಲಸ ಅಂತ ಕೇಳಿದರೆ "ಡ್ರೈವರ್ ಬರೀತೀನಿ" ಅಂತ ಹೇಳಿ, ಅವರ ಮುಖವನ್ನು ಒಂದು ಸಲ ನೋಡಿ, ಊಟದ ಪಂಕ್ತಿಗೆ ಎದ್ದು ಹೋಗುತ್ತೇನೆ.

ಪಾಂಡವಪುರದ ಕಡೆ, ನಾಗಮಂಗಲದ ಕಡೆ ಇಟ್ಟ ಪೆಟ್ಟಿಗೆಗಳೆಲ್ಲ ತಕರಾರಿಲ್ಲದೆ ಓಡುತ್ತಿದ್ದವು. ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಶೀಳನೆರೆ ಹೋಬಳಿಯ ಒಂದು ಹಳ್ಳಿಯಲ್ಲಿ ಮಾತ್ರ ಪೆಟ್ಟಿಗೆ ಮತ್ತೆ ಮತ್ತೆ ನಿಂತುಹೋಗುತ್ತಿತ್ತು. ಆರಿಹೋಗುತ್ತಿರಲಿಲ್ಲ, ನಿಲ್ಲುತ್ತಿತ್ತು. ತೆರೆಯ ಮೇಲೆ ಕೊನೆಯದಾಗಿ ಹಾಲು ಹಾಕಿದವರ ಫ್ಯಾಟು ಹಾಗೇ ಹೊಳೆಯುತ್ತಿತ್ತು. ಮುಂದಿನವರು ಹಾಲು ಸುರಿದರೂ ಅದೇ ಅಂಕಿ, ಅವರ ಹಿಂದಿನವರು ಸುರಿದರೂ ಅದೇ ಅಂಕಿ. ಎಮ್ಮೆ ಹಾಲಿಗೂ ಹಸುವಿನ ಹಾಲಿಗೂ ಒಂದೇ ಫ್ಯಾಟು ತೋರಿಸಿದರೆ ಯಾವ ಊರಿನವರು ಸುಮ್ಮನಿರುತ್ತಾರೆ?

ಮೊದಲ ಸಲ ನಾನು ಹೋದದ್ದು ಮೇ ತಿಂಗಳ ಒಂದು ಮಧ್ಯಾಹ್ನ. ಎರಡು ಬಸ್ಸು, ಒಂದು ಆಟೋ. ಡೇರಿ ಅಂದರೆ ಶೀಟು ಹಾಕಿದ ಒಂದು ಕೋಣೆ, ಮುಂದೆ ಸಿಮೆಂಟಿನ ಅಂಗಳ. ಸಂಘದ ಕಾರ್ಯದರ್ಶಿ ಐವತ್ತು ದಾಟಿದ ಹೆಂಗಸು. ಹಾಲಿನ ಸ್ಯಾಂಪಲ್ ತೆಗೆಯುವುದು, ಯಂತ್ರ ನಡೆಸುವುದು, ಪುಸ್ತಕ ಬರೆಯುವುದು ಎಲ್ಲ ಆಕೆಯೇ. ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿದ್ದಳು. ನಾನು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

"ಬಂದ್ರಾ? ನೀವು ಮಾಡ್ಕೊಟ್ಟಿರೋ ಪೆಟ್ಗೆ ಕೆಟ್ಟೈತೆ. ತಕೊಂಡೋಗಿ."

ಒಂದು ಲೋಟ ನೀರು ಬೇಕಾ ಅಂತಲೂ ಕೇಳಲಿಲ್ಲ. ನಮ್ಮದು ಪಟ್ಟಣದ ದೇವಸ್ಥಾನದ ಮನೆತನ. ಅಪ್ಪನ ಹೆಸರು ಹೇಳಿದರೆ ಜನ ಎದ್ದು ನಿಲ್ಲುವುದನ್ನು ನೋಡಿಕೊಂಡು ಬೆಳೆದವಳು ನಾನು. ಈ ಹೆಂಗಸು ನನ್ನನ್ನು ಸೀಮೆಎಣ್ಣೆ ಸ್ಟವ್ ರಿಪೇರಿಯವಳ ಹಾಗೆ ನಿಲ್ಲಿಸಿ ಮಾತಾಡಿಸಿದ್ದು ನನಗೆ ತಡೆಯಲಾಗಲಿಲ್ಲ.

"ಪೆಟ್ಟಿಗೆ ಬೇರೆ ಊರುಗಳಲ್ಲಿ ಚೆನ್ನಾಗೇ ಇದೆ. ನೀವೇನು ಮಾಡ್ತೀರ ಇದಕ್ಕೆ?" ಅಂದೆ.

"ನಾನೇನ್ ಮಾಡ್ತೀನಿ? ಬಟನ್ ಒತ್ತೀನಿ. ಗುಡುಗಿದ್ರೆ ವೈರ್ ಕೀಳ್ತೀನಿ."

"ಓಡ್ತಿರೋವಾಗಲೇ ಕೀಳ್ತೀರಾ?"

"ಗುಡುಗು ಏನ್ ನಮ್ಮನ್ನ ಕೇಳ್ಕೊಂಡ್ ಬತ್ತದಾ? ಓದೊರ್ಸ ಸಿಡ್ಲು ಒಡ್ದು ಅಳೇ ಮಿಸನ್ನು ಸುಟ್ಟೋಯ್ತು. ವೈರ್ ಯಾಕ್ ಕೀಳ್ಲಿಲ್ಲ ಅಂತ ಊರೆಲ್ಲಾ ನನ್ ಮ್ಯಾಲೆ ಬಿದ್ರು. ಈಗ ಕೀಳ್ತೀನಿ. ಅದ್ಕೂ ನಿಮ್ಮಪ್ಪಣೆ ಬೇಕಾ?"

ಸಿಕ್ಕಿಬಿದ್ದಳು ಅಂದುಕೊಂಡೆ. ಪೆಟ್ಟಿಗೆಯನ್ನು ಬಿಚ್ಚಲೂ ಇಲ್ಲ, ನಿಂತು ನೋಡಲೂ ಇಲ್ಲ. ಪುಸ್ತಕದಲ್ಲಿ ಆಕೆ ಬರೆದಿಟ್ಟಿದ್ದ ತಾರೀಖುಗಳನ್ನು ಫೋಟೋ ತೆಗೆದುಕೊಂಡೆ. ನಿಂತ ದಿನಗಳೆಲ್ಲ ಮಳೆ ಗುಡುಗಿನ ದಿನಗಳೇ. ನನಗೆ ಅಷ್ಟು ಸಾಕಾಯಿತು. ಬಸ್ಸಿನಲ್ಲೇ ಆ ಸಾಲನ್ನು ಮನಸ್ಸಿನಲ್ಲಿ ಬರೆದುಕೊಂಡೆ, ಮರುದಿನ ಟೈಪು ಮಾಡಿದೆ. ನಮ್ಮ ಮಾಲೀಕರು ಓದಿ, "ಭೇಷ್, ಇಂಥದ್ದೇ ಬೇಕಾಗಿತ್ತು" ಅಂದರು. ನಾಲ್ಕು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಹತ್ತು ದಿನ ಕಳೆದ ಮೇಲೆ ಆಕೆಯ ಫೋನು ಬಂತು.

"ಇಂಜಿನಿಯರಮ್ಮಾ, ನನ್ ಬಾಯ್ಗೆ ಮಣ್ಣಾಕ್ಬುಟ್ರಲ್ಲ. ನಿಮ್ ಕಾಗ್ದಾನ ಊರಲ್ಲಿ ಮನೆಮನೆಗೂ ತೋರುಸ್ತಾವ್ರೆ."

ಆಮೇಲೆ ವಿಷಯ ತಿಳಿಯಿತು. ಪೆಟ್ಟಿಗೆ ನಿಂತಾಗ ಆಕೆ ಫ್ಯಾಟನ್ನು ಹಳೇ ವಿಧಾನದಲ್ಲಿ ನೋಡಿ ಕೈಯಲ್ಲಿ ಬರೆಯುತ್ತಿದ್ದಳು. ಸಂಘದ ಒಬ್ಬ ನಿರ್ದೇಶಕನಿಗೆ ತನ್ನ ಸೊಸೆಯನ್ನು ಆ ಕುರ್ಚಿಯಲ್ಲಿ ಕೂರಿಸುವ ಆಸೆ. ಸಂಘಕ್ಕೆ ಹೋದ ನನ್ನ ಕಾಗದ ಅವನ ಕೈಗೆ ಸಿಕ್ಕಿತು. ಬೇಕೆಂದೇ ವೈರು ಕಿತ್ತು ಯಂತ್ರ ನಿಲ್ಲಿಸುತ್ತಾಳೆ, ತನಗೆ ಬೇಕಾದವರಿಗೆ ಜಾಸ್ತಿ ಫ್ಯಾಟು ಬರೆಯುತ್ತಾಳೆ, ಕಂಪನಿಯವರೇ ಬರೆದು ಕೊಟ್ಟಿದ್ದಾರೆ ನೋಡಿ ಅಂತ ಅವನು ಸಾರಿದ. ಬರುವ ಸೋಮವಾರ ಸಭೆ. ಅವತ್ತು ಆಕೆಯನ್ನು ತೆಗೆಯುವುದು ಅಂತ ಮಾತಾಗಿತ್ತು.

"ನಾನು ಕದ್ದಿದ್ದೀರಿ ಅಂತ ಬರೆದಿಲ್ಲ. ಕಿತ್ತಿದ್ದೀರಿ ಅಂತ ಬರೆದೆ. ಕಿತ್ತಿದ್ದು ನಿಜ ತಾನೇ?" ಅಂದೆ.

"ನಿಜ ಕಣವ್ವಾ. ಕಿತ್ತೆ. ಕಿತ್ರೆ ನಿಲ್ಲೋ ಪೆಟ್ಗೆನ ಯಾಕವ್ವಾ ಮಾಡ್ದೆ?"

ಫೋನು ಇಟ್ಟಳು. ನೀವು ಹೋಗಿ ನೀನು ಆಗಿತ್ತು, ಅದಕ್ಕೇ ಮೊದಲು ಸಿಟ್ಟು ಬಂದದ್ದು. ಮಾತಿನ ಅರ್ಥ ತಲೆಗೆ ಹೋದದ್ದು ಆಮೇಲೆ.

ಕಿತ್ತರೆ ನಿಲ್ಲುತ್ತದೆ ಅಂತ ನಾನು ಬರೆದಿದ್ದೆ, ಆದರೆ ಕಿತ್ತು ನೋಡಿರಲಿಲ್ಲ. ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಆ ಮಧ್ಯಾಹ್ನ ಆಫೀಸಿನ ಮೇಜಿನ ಮೇಲಿದ್ದ ಪೆಟ್ಟಿಗೆಯ ವೈರನ್ನು ಕಿತ್ತೆ, ಹಾಕಿದೆ. ಮತ್ತೆ ಕಿತ್ತೆ, ಹಾಕಿದೆ. ಬೆರಳು ನೋಯುವವರೆಗೆ ಮಾಡಿದೆ. ಒಂದು ಸಲವೂ ನಿಲ್ಲಲಿಲ್ಲ. ಒಳಗೆ ಏನಾಗುತ್ತಿದೆ ಅಂತ ನೋಡಲು ಪೆಟ್ಟಿಗೆ ತಾನು ಮಾಡಿದ್ದನ್ನು ಹೆಜ್ಜೆಹೆಜ್ಜೆಗೂ ಬರೆದಿಡುವ ಹಾಗೆ ಮಾಡಿದೆ, ಆಗಲೂ ಇಲ್ಲ. ಅಂದರೆ ನನ್ನ ವರದಿ ಸುಳ್ಳಾಗಿರಬೇಕು, ಇಲ್ಲವೇ ನನಗೆ ಗೊತ್ತಿಲ್ಲದ ಇನ್ನೇನೋ ಇರಬೇಕು. ಎರಡರಲ್ಲಿ ಯಾವುದಾದರೂ ನನಗೆ ಅವಮಾನವೇ.

ಮಾಲೀಕರ ಹತ್ತಿರ ಹೋದೆ. "ವರದಿ ಕೊಟ್ಟಾಯ್ತಲ್ಲಮ್ಮ, ಮತ್ತೆ ಯಾಕೆ ಕೆರೀತೀರ?" ಅಂದರು. ಕೆರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ ಅಂತ ಅವರಿಗೆ ಹೇಳುವಷ್ಟು ಸಲಿಗೆ ಇರಲಿಲ್ಲ. ಶುಕ್ರವಾರ ರಜೆ ಹಾಕಿ, ಸ್ವಂತ ಖರ್ಚಿನಲ್ಲಿ ಮತ್ತೆ ಆ ಊರಿಗೆ ಹೋದೆ. ಆಕೆಗೆ ಉಪಕಾರ ಮಾಡಲಿಕ್ಕಲ್ಲ. ನಾನು ಸರಿ ಅಂತ ತಿಳಿದುಕೊಳ್ಳಲಿಕ್ಕೆ.

ಐದು ಗಂಟೆಗೆ ಸಂಜೆಯ ಹಾಲು ಶುರುವಾಯಿತು. ಆಕೆ ನನ್ನನ್ನು ನೋಡಿಯೂ ನೋಡದ ಹಾಗೆ ಯಂತ್ರದ ಮುಂದೆ ಕೂತಳು. ನಾನು ಅಂಗಳದ ಕಟ್ಟೆಯ ಮೇಲೆ ಕೂತೆ. ಅಲ್ಲಿ ಜನ ಸಾಲಿನಲ್ಲಿ ನಿಲ್ಲುವುದು ಕಡಿಮೆ, ಕ್ಯಾನುಗಳೇ ನಿಲ್ಲುತ್ತವೆ. ಕ್ಯಾನು ಇಟ್ಟವರು ಬೇರೆ ಕೆಲಸಕ್ಕೆ ಹೋಗುತ್ತಾರೆ, ತಮ್ಮ ಸರದಿಗೆ ಬರುತ್ತಾರೆ. ಇನ್ನೊಬ್ಬರ ಕ್ಯಾನನ್ನು ಯಾರೂ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ನೀರು ಬೆರೆಸಿದರು ಅಂತ ಜಗಳವಾಗುತ್ತದೆ. ಡೇರಿಯ ಎದುರಿಗೇ ನೀರಿನ ತೊಂಬೆ. ಅದರ ನಲ್ಲಿಯಲ್ಲಿ ನೀರು ಬಿಡುವುದೂ ಅದೇ ಹೊತ್ತಿಗೆ. ಅಲ್ಲಿಯೂ ಅದೇ ಪದ್ಧತಿ, ಕೊಡಗಳು ಸಾಲಾಗಿ ನಿಂತಿದ್ದವು.

ಸ್ವಲ್ಪ ಹೊತ್ತಿಗೆ ಎರಡು ಸಾಲೂ ಮುಂದೆ ಸಾಗದೆ ನಿಂತವು. ಡೇರಿಯ ಬಾಗಿಲಲ್ಲಿ ಒಂದು ಕ್ಯಾನು, ಅದರ ಯಜಮಾನಿ ಇಲ್ಲ. ಅದರ ಹಿಂದೆ ಹಸಿರು ಸೀರೆಯ ಹೆಂಗಸೊಬ್ಬಳು ತನ್ನ ಕ್ಯಾನು ಹಿಡಿದು, ತುಟಿ ಬಿಗಿದು ನಿಂತಿದ್ದಳು. ತೊಂಬೆಯ ನಲ್ಲಿಯ ಕೆಳಗೆ ಒಂದು ಕೊಡ ತುಂಬಿ ಸುರಿಯುತ್ತಿತ್ತು, ಅದರ ಯಜಮಾನಿಯೂ ಇಲ್ಲ. ಅದರ ಹಿಂದೆ ಇನ್ನೊಬ್ಬಳು ಖಾಲಿ ಕೊಡ ಹಿಡಿದು ಅಷ್ಟೇ ಬಿಗಿಯಾಗಿ ನಿಂತಿದ್ದಳು. ನಲ್ಲಿಯ ಕೆಳಗಿನ ಕೊಡ ಡೇರಿಯಲ್ಲಿ ನಿಂತ ಹಸಿರು ಸೀರೆಯವಳದು. ಡೇರಿ ಬಾಗಿಲಿನ ಕ್ಯಾನು ನಲ್ಲಿಯ ಹತ್ತಿರ ನಿಂತವಳದು. ಇಬ್ಬರೂ ಓರಗಿತ್ತಿಯರಂತೆ, ಮನೆ ಭಾಗವಾದಾಗಿನಿಂದ ಮಾತಿಲ್ಲವಂತೆ. ನಿನ್ನ ಕ್ಯಾನು ತೆಗಿ ಅಂತ ಇವಳು ಕೂಗುವುದಿಲ್ಲ, ನಿನ್ನ ಕೊಡ ತೆಗಿ ಅಂತ ಅವಳು ಕೂಗುವುದಿಲ್ಲ. ತನ್ನ ಕೆಲಸ ಆಗುವವರೆಗೆ ನಿಂತ ಜಾಗ ಬಿಡಲು ಇಬ್ಬರಿಗೂ ಮನಸ್ಸಿಲ್ಲ. ಹಿಂದೆ ಇಪ್ಪತ್ತು ಜನ ಬೈಯುತ್ತಾ ಕಾಯುತ್ತಿದ್ದರು. ನೀರು ಚರಂಡಿಗೆ ಹರಿಯುತ್ತಿತ್ತು.

ಕಾರ್ಯದರ್ಶಿ ಎದ್ದು ಬಾಗಿಲಿಗೆ ಬಂದಳು. ತೊಂಬೆಯ ಕಡೆಗೆ ನೋಡಿ ಕೂಗಿದಳು.

"ಏನ್ರೇ ಇಬ್ರೂವೆ! ಆಲು ಆಕೋಗಂಟ ನಲ್ಲಿ ತಾವ ಕೊಡ ಮಡುಗಂಗಿಲ್ಲ ಅಂತ ಎಷ್ಟ್ ದಪ ಏಳಿಲ್ಲ? ಮೊದ್ಲು ಆಲು, ಆಮ್ಯಾಕೆ ನೀರು. ಎಲ್ರಿಗೂ ಒಂದೇ. ಆ ಕಡೆ ನಿಂತಿರೋಳು ಕೊಡ ಅಲ್ಲೇ ಬುಟ್ಟು ಬಾ ಇಲ್ಲಿ!"

ಅವಳು ಗೊಣಗುತ್ತಾ ಬಂದಳು, ಹಾಲು ಸುರಿದಳು. ಹಸಿರು ಸೀರೆಯವಳೂ ಸುರಿದು ಓಡಿಹೋಗಿ ತನ್ನ ಕೊಡ ಎತ್ತಿದಳು. ಎರಡು ನಿಮಿಷದಲ್ಲಿ ಎರಡು ಸಾಲೂ ಹರಿದವು. ಪಕ್ಕದಲ್ಲಿ ಕೂತಿದ್ದ ಒಬ್ಬ ಮುದುಕಪ್ಪ, "ಈವಮ್ಮ ಈ ನೇಮ ಮಾಡಿ ಏಳೆಂಟ್ ವರ್ಸ ಆಯ್ತು. ಮುಂಚೆ ದಿನಾಲೂ ಇದೇ ಒಡೆದಾಟ" ಅಂದ.

ನಾನು ಕಟ್ಟೆಯ ಮೇಲೆ ಮಂಕಾಗಿ ಕೂತಿದ್ದೆ. ಡ್ರೈವರಿನೊಳಗೆ ಎರಡು ಬೀಗಗಳಿವೆ. ಒಬ್ಬೊಬ್ಬರ ಹಾಲಿನ ಲೆಕ್ಕ ಒಂದೊಂದು ಚೀಟಿ ಅಂದುಕೊಳ್ಳಿ; ಕಳಿಸಬೇಕಾದ ಚೀಟಿಗಳ ಸಾಲಿಗೆ ಒಂದು ಬೀಗ, ವೈರಿನ ಸ್ಥಿತಿಗೆ ಒಂದು. ಎರಡು ಕೆಲಸಗಳು ಒಂದೇ ವಸ್ತುವಿಗೆ ಒಟ್ಟಿಗೆ ಕೈ ಹಾಕಿ ಕೆಡಿಸದಿರಲಿ ಅಂತ ಈ ಬೀಗಗಳು. ಒಬ್ಬರು ಬೀಗ ಹಿಡಿದಿದ್ದರೆ ಇನ್ನೊಬ್ಬರು ಕಾಯಬೇಕು. ಚೀಟಿ ಕಳಿಸುವ ಕೆಲಸ ಮೊದಲು ಸಾಲಿನ ಬೀಗ ಹಿಡಿಯುತ್ತದೆ, ಆಮೇಲೆ ವೈರು ಇದೆಯೋ ಇಲ್ಲವೋ ನೋಡಲು ವೈರಿನ ಬೀಗ ಕೇಳುತ್ತದೆ. ವೈರು ಕಿತ್ತಾಗ ಓಡಿಬರುವ ಕೆಲಸವನ್ನು ನಾನು ಬೇರೊಂದು ತಿಂಗಳಲ್ಲಿ, ಮಾಲೀಕರು ತಲೆಯ ಮೇಲೆ ನಿಂತಿದ್ದಾಗ ಬರೆದಿದ್ದೆ. ಅದು ಮೊದಲು ವೈರಿನ ಬೀಗ ಹಿಡಿಯುತ್ತದೆ, ಆಮೇಲೆ ಸಾಲನ್ನು ನಿಲ್ಲಿಸಲು ಸಾಲಿನ ಬೀಗ ಕೇಳುತ್ತದೆ. ಒಂದರ ಕ್ಯಾನು ಇಲ್ಲಿ, ಇನ್ನೊಂದರ ಕೊಡ ಅಲ್ಲಿ. ಇಬ್ಬರೂ ಕಾಯುತ್ತಾರೆ, ಕಾಯುತ್ತಲೇ ಇರುತ್ತಾರೆ, ಹಿಂದೆ ಇಡೀ ಪೆಟ್ಟಿಗೆ ನಿಲ್ಲುತ್ತದೆ. ಆಫೀಸಿನಲ್ಲಿ ಇದು ನನಗೆ ಸಿಗದಿದ್ದದ್ದೂ ಈಗ ಅರ್ಥವಾಯಿತು. ಅಲ್ಲಿ ನಾನು ಸುಮ್ಮನೆ ಕೂತ ಪೆಟ್ಟಿಗೆಯ ವೈರು ಕಿತ್ತಿದ್ದೆ. ಚೀಟಿಯ ಸಾಲೇ ಇರಲಿಲ್ಲ, ಕಾಯುವವರು ಯಾರು?

ಮರುದಿನ ಆಫೀಸಿನಲ್ಲಿ, ಇಡೀ ಊರು ಒಟ್ಟಿಗೆ ಹಾಲು ಹಾಕುತ್ತಿರುವಷ್ಟು ಚೀಟಿಗಳನ್ನು ಸುರಿಯುವ ಒಂದು ಪ್ರೋಗ್ರಾಮ್ ಬರೆದು, ನಡುವೆ ವೈರು ಕಿತ್ತೆ. ನಾಲ್ಕನೇ ಸಲಕ್ಕೆ ಪೆಟ್ಟಿಗೆ ನಿಂತಿತು. ತೆರೆಯ ಮೇಲೆ ಒಂದು ಅಂಕಿ ಹೊಳೆಯುತ್ತಾ ಕೂತಿತು. ದೋಷ ಸಿಕ್ಕಾಗ ಕುಣಿಯುವವಳು ನಾನು. ಅವತ್ತು ಕುಣಿಯಲಿಲ್ಲ. ಕೋಡ್ ತೆರೆದು ನೋಡಿದರೆ ಕಡತದ ನೆತ್ತಿಯ ಮೇಲೆ, ಎರಡು ವರ್ಷದ ಹಿಂದೆ ನಾನೇ ಬರೆದ ಎಚ್ಚರಿಕೆ: ಯಾವಾಗಲೂ ಮೊದಲು ಸಾಲಿನ ಬೀಗ, ಆಮೇಲೆ ವೈರಿನ ಬೀಗ. ಮೇಲೆ ನಿಯಮ ಬರೆದವಳೂ ನಾನೇ, ಕೆಳಗೆ ಮುರಿದವಳೂ ನಾನೇ. ಎಸ್ಸೆಸ್ಸೆಲ್ಸಿ ಓದಿದ ಆ ಹೆಂಗಸು ಏಳೆಂಟು ವರ್ಷದಿಂದ ಇಡೀ ಊರು ಪಾಲಿಸುವಂತೆ ನೋಡಿಕೊಂಡು ಬಂದ ನಿಯಮವನ್ನು ನಾನು ಒಂದು ಕಡತದಲ್ಲಿ ಪಾಲಿಸಲಾರದೆ ಹೋಗಿದ್ದೆ. ತಿದ್ದಲು ಬೇಕಾದದ್ದು ಅರ್ಧ ಗಂಟೆ. ಕೋಡಿನ ಎರಡು ಸಾಲು ಮೇಲೆ ಕೆಳಗೆ ಮಾಡಿ, ಸಾಯಂಕಾಲದವರೆಗೆ ಚೀಟಿ ಸುರಿಯುತ್ತಾ ವೈರು ಕೀಳುತ್ತಾ ಕೂತೆ. ಮತ್ತೆ ನಿಲ್ಲಲಿಲ್ಲ.

ಮಾಲೀಕರಿಗೆ ಹೇಳಿದೆ. ಅವರು ಬಾಗಿಲು ಹಾಕಿ ಬಂದು ಕೂತರು.

"ಹೊಸ ಪ್ರೋಗ್ರಾಮ್ ಹಾಕಿ ಬನ್ನಿ. ಅಪ್‌ಡೇಟ್ ಅನ್ನಿ. ತಪ್ಪು ನಮ್ಮದು ಅಂತ ಬಾಯಿ ಬಿಡಬೇಡಿ."

"ಸೋಮವಾರ ಆಕೇನ ತೆಗೀತಾರೆ ಸಾರ್."

"ಅದು ಅವರೂರಿನ ರಾಜಕೀಯ ಕಣಮ್ಮ. ನಮಗ್ಯಾಕೆ?"

"ನನ್ನ ಸಹಿ ಇಟ್ಟುಕೊಂಡು ಮಾಡ್ತಿರೋ ರಾಜಕೀಯ" ಅಂದೆ. ದನಿ ಏರಿತ್ತು. ಹೊರಗಿನವರಿಗೆ ಕೇಳಿಸಿತಂತೆ. ಕೇಳಿಸಲಿ.

ಸೋಮವಾರ ನಾಲ್ಕು ಗಂಟೆಗೆ ಡೇರಿಯ ಅಂಗಳದಲ್ಲಿ ಸಭೆ. ನಾನು ಮೊದಲೇ ಹೋಗಿ ಪೆಟ್ಟಿಗೆಗೆ ಹೊಸ ಡ್ರೈವರ್ ಹಾಕಿದೆ. ಆಕೆ ಬಾಗಿಲ ಬೀಗ ತೆಗೆದುಕೊಟ್ಟು ದೂರ ನಿಂತಳು. ತಪ್ಪು ನನ್ನದೇ ಅಂತ ಹೇಳಲು ಬಾಯಿ ತೆರೆದರೆ, "ನಂಗ್ಯಾಕ್ ಏಳ್ತೀರಿ? ಯಾರ್ಗ್ ಬರ್ದಿದ್ರೋ ಅವ್ರಿಗೇಳಿ" ಅಂದಳು.

ಸಭೆಯಲ್ಲಿ ಎದ್ದು ನಿಂತು ಹೇಳಿದೆ. ವೈರು ಕಿತ್ತದ್ದು ನಿಜ, ಕಿತ್ತರೆ ಪೆಟ್ಟಿಗೆ ನಿಲ್ಲಬಾರದಿತ್ತು, ನಿಂತದ್ದು ನಾನು ಬರೆದ ಪ್ರೋಗ್ರಾಮಿನ ತಪ್ಪಿನಿಂದ, ನೋಡದೆ ವರದಿ ಬರೆದೆ, ಅದನ್ನು ವಾಪಸ್ಸು ತೆಗೆದುಕೊಳ್ಳುತ್ತೇನೆ ಅಂದೆ. ಇಷ್ಟು ಹೇಳಿದರೆ ಮುಗಿಯುತ್ತದೆ ಅಂತ ನಾನು ನಂಬಿದ್ದೆ.

ಆ ನಿರ್ದೇಶಕ, ಸೊಸೆಯ ಮಾವ, ನಕ್ಕ. "ಓದ್ ತಿಂಗ್ಳು ಒಂದ್ ಮಾತು, ಈಗೊಂದ್ ಮಾತಾ? ಇಬ್ರು ಎಂಗುಸ್ರೂ ಕುಂತ್ಕೊಂಡು ಮಾತಾಡ್ಕೊಂಡವ್ರೆ ಕಣ್ರಲಾ."

ಅಂಗಳದಲ್ಲಿ ಹೌದು ಹೌದು ಅನ್ನುವ ಗುಜುಗುಜು ಎದ್ದಿತು. ನನ್ನ ಮೊದಲ ಕಾಗದವನ್ನು ಒಬ್ಬರೂ ಅನುಮಾನಿಸಿರಲಿಲ್ಲ. ಎರಡನೆಯದನ್ನು ಒಬ್ಬರೂ ನಂಬಲಿಲ್ಲ. ನನಗೆ ಅಷ್ಟೊಂದು ಸಿಟ್ಟು ಬಂದದ್ದು ನನ್ನ ಜೀವನದಲ್ಲಿ ಕಡಿಮೆ. ಅವನ ಕೊರಳಪಟ್ಟಿ ಹಿಡಿಯಬೇಕು ಅನ್ನಿಸಿತು. ಆದರೆ ಅವನ ಕೈಗೆ ಕೋಲು ಕೊಟ್ಟವಳು ನಾನೇ.

ಬೀಗ, ಸಾಲು, ಸರದಿ ಅಂತ ವಿವರಿಸಲು ಹೋದೆ. ಸಂಘದ ಅಧ್ಯಕ್ಷರು ಆಕಳಿಸಿದರು. ಮಾತು ಎಳೆದು ಎಳೆದು ಐದೂವರೆಯಾಯಿತು. ಅಷ್ಟರಲ್ಲಿ ಅಂಗಳದಲ್ಲಿ ಕ್ಯಾನುಗಳು ಸಾಲು ಕಟ್ಟಿದ್ದವು. ಹಸುಗಳಿಗೆ ಸಭೆ ಗೊತ್ತಿಲ್ಲವಲ್ಲ. ಕಾರ್ಯದರ್ಶಿ ಎದ್ದಳು.

"ನೀವ್ ತೆಗೀರಿ, ಬುಡಿ. ಆಲು ಒಡ್ದೋದದು. ಮೊದ್ಲು ಅದಾಗ್ಲಿ" ಅಂತ ಹೇಳಿ ಒಳಗೆ ಹೋಗಿ ಯಂತ್ರದ ಮುಂದೆ ಕೂತಳು.

ಆಗ ನನಗೆ ಹೊಳೆಯಿತು. ಅಧ್ಯಕ್ಷರನ್ನೂ ಆ ಸೊಸೆಯ ಮಾವನನ್ನೂ ಬಾಗಿಲಿಗೆ ಕರೆದೆ. ಬರಲಿಲ್ಲ. "ಹೆದರಿಕೆಯಾ?" ಅಂದೆ. ಬಂದರು. ಹಾಲು ಸುರಿಯುತ್ತಿತ್ತು, ಚೀಟಿಗಳು ಹೋಗುತ್ತಿದ್ದವು, ತೆರೆಯ ಮೇಲೆ ಅಂಕಿ ಬದಲಾಗುತ್ತಿತ್ತು. ಎಲ್ಲರ ಎದುರಿಗೆ ವೈರಿಗೆ ಕೈ ಹಾಕಿ ಕಿತ್ತೆ. ಮುಂದಿನ ಹೆಂಗಸು ಸುರಿದಳು, ಅಂಕಿ ಬದಲಾಯಿತು. ಹಾಕಿದೆ, ಕಿತ್ತೆ. ಇನ್ನೊಬ್ಬಳು ಸುರಿದಳು, ಬದಲಾಯಿತು. ಆ ಮಾವನ ಕೈಗೆ ವೈರು ಕೊಟ್ಟು "ನೀವೇ ಕೀಳಿ" ಅಂದೆ. ಅವನೂ ಕಿತ್ತ, ಆರು ಸಲ ಕಿತ್ತ, ಹಲ್ಲು ಕಚ್ಚಿಕೊಂಡು ಕಿತ್ತ. ಅಂಕಿ ಬದಲಾಗುತ್ತಲೇ ಇತ್ತು. ಸಾಲಿನಲ್ಲಿದ್ದ ಓರಗಿತ್ತಿಯರಲ್ಲಿ ಮೊನ್ನೆಯ ಹಸಿರು ಸೀರೆಯವಳು, "ಸಾಕು ಬುಡಣ್ಣಾ, ವೈರೇ ಕಿತ್ತೋದದು" ಅಂದಳು. ಜನ ನಕ್ಕರು. ಅವನು ವೈರು ಬಿಟ್ಟು ಹೊರಗೆ ಹೋದ. ಅಧ್ಯಕ್ಷರು, "ಸರಿ, ಕಾರ್ಯದರ್ಶಿ ವಿಷ್ಯ ಇಲ್ಲಿಗೆ ಬುಟ್ಟಾಕಿ" ಅಂತ ಹೇಳಿ ಪುಸ್ತಕ ಮುಚ್ಚಿದರು. ತಪ್ಪಾಯಿತು ಅಂತ ಆಕೆಗೆ ಒಬ್ಬರೂ ಹೇಳಲಿಲ್ಲ. ಹನ್ನೊಂದು ವರ್ಷ ಆಕೆಯ ಕೈಯಲ್ಲಿ ಹಾಲು ಅಳೆಸಿಕೊಂಡವರು, ಕ್ಯಾನು ತೊಳೆದುಕೊಂಡು ಮನೆಗೆ ಹೋದರು.

ಆಫೀಸಿನಲ್ಲಿ ಮಾಲೀಕರು ಅಂದಿನಿಂದ ನನ್ನ ಜೊತೆ ನೇರವಾಗಿ ಮಾತಾಡುವುದಿಲ್ಲ. ಹೇಳುವುದನ್ನು ಪಕ್ಕದ ಮೇಜಿನವರಿಗೆ ಹೇಳುತ್ತಾರೆ. ಅದು ನನಗೇನೂ ನಷ್ಟವಲ್ಲ.

ಅವತ್ತು ಕೊನೆಯ ಕ್ಯಾನು ಹೋಗುವವರೆಗೂ ನಾನು ನಿಂತಿದ್ದೆ. ಆಕೆ ಏನಾದರೂ ಹೇಳಬಹುದು ಅಂತ ಆಸೆಯಿತ್ತು. ಯಾಕೆ ಮುಚ್ಚಿಡಲಿ, ಹೊಗಳಲಿ ಅಂತಲೇ ಕಾದಿದ್ದೆ. ಆಕೆ ಯಂತ್ರ ತೊಳೆದಳು, ಬಟ್ಟೆಯಿಂದ ಒರೆಸಿದಳು. ದೂರದಲ್ಲೆಲ್ಲೋ ಗುಡುಗಿತು. ನನ್ನ ಮುಖ ನೋಡುತ್ತಲೇ ಕೈ ಚಾಚಿ ವೈರು ಕಿತ್ತು ಮೊಳೆಗೆ ನೇತುಹಾಕಿದಳು. ಆಮೇಲೆ ಕೇಳಿದಳು:

"ಇವತ್ತು ಕಿತ್ತು ತೋರುಸ್ದಂಗೆ, ಅವತ್ತು ಬಂದಾಗ್ಲೇ ನೀವೇ ಒಂದ್ಸಲ ಕಿತ್ತು ನೋಡಿದ್ರೆ ಆಯ್ತಿರ್ಲಿಲ್ವಾ?"

ಉತ್ತರಕ್ಕೆ ಆಕೆ ಕಾಯಲಿಲ್ಲ. ಬಾಗಿಲು ಎಳೆದು ಬೀಗ ಹಾಕಿದಳು, ನಾನು ಬಸ್ಸಿಗೆ ನಡೆದೆ.